ಆಡದವನ ಹೆಸರು

"ನಿಮ್ಮನ್ನ ಸ್ಕೇಟ್ ಕಟ್ಕೊಳ್ಳಿ ಅಂದೆನಾ ಮೇಷ್ಟ್ರೇ? ಗೋಲ್ ಕಾಯಿರಿ ಅಂದೆನಾ? ಒಂದು ಹೆಸರು ಬರೀರಿ ಅಂದೆ. ಒಂದೇ ಒಂದು ಹೆಸರು. ಅದೂ ಆಗ್ಲಿಲ್ಲ ನಿಮ್ಮ ಕೈಲಿ."

ಕೋಚ್ ಗಾರ್ತ್ ಹಾಲ್ವರ್ಸನ್ ಮೇಜು ಗುದ್ದಿದ. ಪೇಪರ್ ಲೋಟದ ಕಾಫಿ ತುಳುಕಿ ತಂಡದ ವೇಳಾಪಟ್ಟಿಯ ಮೇಲೆ ಹರಿಯಿತು. ಎದುರಿಗೆ ಕೂತಿದ್ದ ಡೆನ್ನಿಸ್ ಯುರ್ಕಿವ್, ಬೈಯುವಾಗಲೂ ಗಾರ್ತ್‌ನ ಮಾತು ಎಲ್ಲೂ ತಡವರಿಸುವುದಿಲ್ಲವಲ್ಲ ಎಂದುಕೊಂಡ. ಇಂಥ ಹೊತ್ತಿನಲ್ಲಿ ಇಂಥದ್ದೇ ಹೊಳೆಯುತ್ತದೆ ತನಗೆ ಎಂದು ಅಸಹ್ಯವೂ ಆಯಿತು.

ಬ್ರಾಡ್‌ಹಿಲ್ ಹೈಸ್ಕೂಲಿನಲ್ಲಿ ಇಪ್ಪತ್ತಾರು ವರ್ಷದಿಂದ ಇತಿಹಾಸ ಕಲಿಸುವವನು ಡೆನ್ನಿಸ್. ಅಕ್ಷರ ಚೆನ್ನಾಗಿದೆ ಎಂದು ಊರಿನ ಜೂನಿಯರ್ ಐಸ್ ಹಾಕಿ ತಂಡದವರು ಪಂದ್ಯದ ಹಾಳೆ ಬರೆಯುವ ಕೆಲಸ ಕೊಟ್ಟಿದ್ದರು. ಯಾರು ಆಡಿದರು, ಯಾರು ಹೊಡೆದರು, ಯಾರು ಎಷ್ಟು ನಿಮಿಷ ಹೊರಗೆ ಕೂತರು. ಹಾಳೆಯ ಕೆಳಗೆ ಒಂದು ಚಿಕ್ಕ ಚೌಕ. ಶಿಕ್ಷೆಯಿಂದಾಗಿ ಆಡದವನ ಹೆಸರನ್ನು ಅಲ್ಲಿ ಬರೆಯಬೇಕು. ಬರೆಯದಿದ್ದರೆ ಅವನು ಶಿಕ್ಷೆ ಅನುಭವಿಸಿಲ್ಲ ಎಂದೇ ಲೆಕ್ಕ.

ಶುಕ್ರವಾರ ಆಡದೆ ಕೂತವನು ರೀಸ್ ಡೇಜರ್ಲೇ. ಹಿಂದಿನ ಪಂದ್ಯದಲ್ಲಿ ಕೈಗವಸು ಬಿಸಾಡಿ ಹೊಡೆದಾಡಿದ್ದಕ್ಕೆ ಒಂದು ಪಂದ್ಯದ ನಿಷೇಧ. ಟೈ ಕಟ್ಟಿಕೊಂಡು ಮೂರನೇ ಸಾಲಿನಲ್ಲಿ ಕೂತಿದ್ದ. ಎಂಟುನೂರು ಜನ ನೋಡಿದ್ದರು. ಭಾನುವಾರ ಆಡಿದ, ಹೆಚ್ಚುವರಿ ಸಮಯದಲ್ಲಿ ಗೋಲು ಹೊಡೆದ. ಒಂಬತ್ತು ವರ್ಷದ ಮೇಲೆ ಬ್ರಾಡ್‌ಹಿಲ್ ಪ್ಲೇಆಫ್, ಅಂದರೆ ಲೀಗಿನ ಅಂತಿಮ ಸುತ್ತು, ತಲುಪಿತ್ತು. ಮುದುಕರು ಅತ್ತಿದ್ದರು.

ಇವತ್ತು ಸೋಮವಾರ ಬೆಳಿಗ್ಗೆ ಲೀಗಿನಿಂದ ಪತ್ರ. ಚೌಕ ಖಾಲಿ. ಆದ್ದರಿಂದ ಶುಕ್ರವಾರದ ಶಿಕ್ಷೆ ಹಾಗೇ ಬಾಕಿ. ಆದ್ದರಿಂದ ಭಾನುವಾರ ಆಡಿದ್ದು ತಪ್ಪು. ಆದ್ದರಿಂದ ಗೆಲುವು ಎದುರಾಳಿಗೆ, ಬ್ರಾಡ್‌ಹಿಲ್‌ನ ವರ್ಷ ಅಲ್ಲಿಗೆ ಮುಗಿಯಿತು. ಆಕ್ಷೇಪ ಇದ್ದರೆ ಮಧ್ಯಾಹ್ನ ಎರಡಕ್ಕೆ ಫೋನಿನಲ್ಲಿ ಹೇಳಬಹುದು.

ಗಾರ್ತ್ ಹಾಳೆಯ ಮೇಲಿನ ಪ್ರತಿಯನ್ನು ಫೈಲಿನಿಂದ ತೆಗೆದು ಮುಂದೆ ತಳ್ಳಿದ. ದನಿ ತಗ್ಗಿಸಿದ.

"ಇದು ನಮ್ಮ ಹತ್ರಾನೇ ಇದೆ. ಈಗ ಬರೀರಿ. ಲೀಗಿಗೆ ಹೋದ ಕೆಳಗಿನ ಕಾರ್ಬನ್ ಪ್ರತಿಗೆ ಒತ್ತು ಬೀಳ್ಲಿಲ್ಲ ಅನ್ನಿ. ಮೈನಸ್ ಮೂವತ್ತು ಡಿಗ್ರಿ ಚಳಿಯಲ್ಲಿ ಯಾವ ಪೆನ್ನು ನೆಟ್ಟಗೆ ಬರಿಯುತ್ತೆ?"

"ಸುಳ್ಳಾಗುತ್ತಲ್ಲ."

"ಅವನು ಕೂತಿದ್ದು ಸುಳ್ಳಾ?"

ಡೆನ್ನಿಸ್ ಹಾಳೆಯನ್ನು ಹಿಂದಕ್ಕೆ ತಳ್ಳಿದ. ತರಗತಿಗೆ ಹೊತ್ತಾಯಿತು ಎಂದು ಎದ್ದ. ಎರಡಕ್ಕೆ ಬರದಿದ್ದರೆ ಶಾಲೆಗೇ ಬಂದು ಎಳೆದೊಯ್ಯುತ್ತೇನೆಂದು ಗಾರ್ತ್ ಬೆನ್ನಿಗೆ ಕೂಗಿದ.

ಊಟಕ್ಕೆ ಮನೆಗೆ ಬಂದಾಗ ರೀಸ್ ಅಡುಗೆಮನೆಯ ಮೇಜಿಗೆ ಕೂತಿದ್ದ. ಉತ್ತರದ ಕೆರೆ ಸೀಮೆಯವನು, ಎರಡು ವರ್ಷದಿಂದ ಡೆನ್ನಿಸ್ ದಂಪತಿಯ ಮನೆಯಲ್ಲೇ ಇದ್ದು ಊರಿನ ತಂಡಕ್ಕೆ ಆಡುತ್ತಿದ್ದ. ಡೆನ್ನಿಸ್‌ನನ್ನು ಸರ್ ಎನ್ನುತ್ತಿದ್ದ, ಡೆನ್ನಿಸನ ಹೆಂಡತಿ ಕಾರ್ಲೀನಳನ್ನು ಅಮ್ಮ ಎನ್ನುತ್ತಿದ್ದ. ಇವರಿಗೆ ಮಕ್ಕಳಿರಲಿಲ್ಲ. ಕಾರ್ಲೀನ್ ಆಲೂಗಡ್ಡೆ ತುಂಬಿದ ಪೆರೋಗಿ ಕಡುಬು ಹುರಿದು ಅವನ ತಟ್ಟೆಗೆ ಹಾಕುತ್ತಲೇ ಇದ್ದಳು, ಅವನು ಮುಟ್ಟುತ್ತಿರಲಿಲ್ಲ.

ಅವನಿಗೆ ಇಪ್ಪತ್ತು ತುಂಬಿತ್ತು. ವಯಸ್ಸು ಮೀರುವುದರಿಂದ ಮುಂದಿನ ವರ್ಷ ಜೂನಿಯರ್‌ನಲ್ಲಿ ಜಾಗವಿಲ್ಲ. ದೇಶದ ಗಡಿಯಾಚೆಯ ಕಾಲೇಜಿನ ಕೋಚ್ ಒಬ್ಬ, ತನ್ನ ತಂಡಕ್ಕೆ ಆರಿಸಲೆಂದು, ಗುರುವಾರ ಪ್ಲೇಆಫ್‌ನಲ್ಲಿ ಇವನ ಆಟ ನೋಡಲು ಬರುವವನಿದ್ದ. ಗುರುವಾರದ ಆಟವಿಲ್ಲದಿದ್ದರೆ ಅಪ್ಪ ಕೆಲಸ ಮಾಡುವ ಮರದ ಮಿಲ್ಲೇ ಗತಿ.

"ಫೋನಲ್ಲಿ ಏನ್ ಹೇಳ್ತೀರಿ ಸರ್?"

"ನಡೆದದ್ದು ಹೇಳ್ತೀನಿ."

"ನಡೆದದ್ದು ಅಂದ್ರೆ ಯಾವುದು?"

ಡೆನ್ನಿಸ್ ಉಪ್ಪು ಕೇಳಿದ. ಕಾರ್ಲೀನ್ ಉಪ್ಪಿನ ಡಬ್ಬಿಯನ್ನು ಕುಕ್ಕಿದಳು. ಹುಡುಗರ ಹಾಜರಿ ಕರೆದೇ ಜೀವನ ಕಳೆದವನಿಗೆ ಇದೊಂದು ಹೆಸರು ಹೇಗೆ ಬಿಟ್ಟುಹೋಯಿತು ಎಂದಳು. ಗಂಡನ ಮುಖ ನೋಡಿ ಹೇಳಲಿಲ್ಲ, ಒಲೆಯ ಕಡೆ ತಿರುಗಿ ಹೇಳಿದಳು.

ಹೇಗೆ ಬಿಟ್ಟುಹೋಯಿತು? ಶುಕ್ರವಾರ ಪೆನ್ನು ಚೌಕದ ಮೇಲೇ ಇತ್ತು. ತಲೆಯೆತ್ತಿ ನೋಡಿದ್ದ. ಮೂರನೇ ಸಾಲಿನಲ್ಲಿ ಕಾರ್ಲೀನ್ ರೀಸ್‌ನ ಟೈ ಸರಿಮಾಡುತ್ತಿದ್ದಳು. ಟೈ ಡೆನ್ನಿಸ್‌ನದು. ರೀಸ್ ಏನೋ ಅಂದ, ಅವಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಮದುವೆಯಾದ ಹೊಸತರಲ್ಲಿ ಹಾಗೆ ನಗುತ್ತಿದ್ದಳು. ಅಷ್ಟರಲ್ಲಿ ರಾಷ್ಟ್ರಗೀತೆ ಶುರುವಾಯಿತು, ಡೆನ್ನಿಸ್ ಎಲ್ಲರೊಂದಿಗೆ ಎದ್ದು ನಿಂತ. ಕೂತಾಗ ಪೆನ್ನು ಬೇರೆ ಕಾಲಮ್ಮಿಗೆ ಹೋಗಿತ್ತು.

ಅಷ್ಟೆ. ಮರೆತೆನೋ, ಮರೆಯಬೇಕೆಂದೇ ಮರೆತೆನೋ. ಬೆಳಗಿನಿಂದ ನೂರು ಸಲ ಕೇಳಿಕೊಂಡಿದ್ದ. ಒಮ್ಮೆ ಹೌದು ಎನ್ನಿಸುತ್ತಿತ್ತು, ಒಮ್ಮೆ ಇಲ್ಲ. ಎರಡೂ ಅಷ್ಟೇ ನಿಜವಾಗಿ ಕೇಳುತ್ತಿದ್ದವು.

ಎರಡು ಗಂಟೆಗೆ ಗಾರ್ತ್‌ನ ಕೋಣೆ. ರೀಸ್ ಜೊತೆಗೆ ಬಂದು ಬಾಗಿಲಿಗೆ ಒರಗಿ ನಿಂತ. ಹಾಳೆ ಮೇಜಿನ ಮೇಲಿತ್ತು, ಮುಚ್ಚಳ ತೆಗೆದ ಪೆನ್ನು ಪಕ್ಕದಲ್ಲಿತ್ತು. ಡೆನ್ನಿಸ್ ಪೆನ್ನೆತ್ತಿಕೊಂಡು ಚೌಕದಲ್ಲಿ ರೀಸ್ ಡೇಜರ್ಲೇ ಎಂದು ಬರೆದ. ದುಂಡಾಗಿ, ಒಂದು ಗೆರೆಯೂ ಆಚೀಚೆ ಆಗದಂತೆ. ಗಾರ್ತ್ ಉಸಿರುಬಿಟ್ಟು ಅವನ ಭುಜ ತಟ್ಟಿದ.

ಫೋನಿನಲ್ಲಿ ಲೀಗಿನವರ ಮೂರು ದನಿಗಳಿದ್ದವು. ಒಬ್ಬನಿಗೆ ಕೆಮ್ಮು. ಗಾರ್ತ್ ಎಲ್ಲ ಹೇಳಿದ, ಚಳಿ, ಪೆನ್ನು, ಬೀಳದ ಒತ್ತು. ನಿಮ್ಮ ಪ್ರತಿಯಲ್ಲಿ ಹೆಸರಿದೆಯೇ ಎಂದು ಕೆಮ್ಮಿನವನು ಕೇಳಿದ. ಇದೆ ಎಂದ ಡೆನ್ನಿಸ್.

"ಯಾವಾಗ ಬರೆದ್ರಿ?"

"ಈಗ."

"ಈಗ ಅಂದ್ರೆ?"

"ಈಗಲೇ. ಐದು ನಿಮಿಷ ಆಯ್ತು."

ಗಾರ್ತ್ ಕಣ್ಣು ಮುಚ್ಚಿಕೊಂಡ. ಫೋನಿನಲ್ಲಿ ಕೆಮ್ಮು ನಿಂತಿತು. ಹಾಗಾದರೆ ಆವತ್ತೇಕೆ ಬರೆಯಲಿಲ್ಲ ಎಂದು ಇನ್ನೊಂದು ದನಿ, ಮೆತ್ತಗೆ, ಕಾಯಿಲೆಯವನನ್ನು ವಿಚಾರಿಸುವಂತೆ ಕೇಳಿತು.

"ಅವನು ಅಲ್ಲೇ ಇದ್ದ," ಎಂದ ಡೆನ್ನಿಸ್. "ಕಣ್ಣೆದುರಿಗೇ, ಮೂರನೇ ಸಾಲಲ್ಲಿ ಇದ್ದ, ಅದಕ್ಕೆ."

ತೀರ್ಪು ಬದಲಾಗುವುದಿಲ್ಲ ಎಂದರು. ತಂಡಕ್ಕೆ ಮುಂದಿನ ವರ್ಷಕ್ಕೆ ಶುಭವಾಗಲಿ ಎಂದೂ ಹೇಳಿದರು. ಗಾರ್ತ್ ಬೈಯಲಿಲ್ಲ. ಚೆಲ್ಲಿದ ಕಾಫಿ ಒಣಗಿ ಅಂಟಿಕೊಂಡಿದ್ದ ವೇಳಾಪಟ್ಟಿಯನ್ನು ಉಗುರಿನಿಂದ ಕೀಳತೊಡಗಿದ. ಡೆನ್ನಿಸ್ ತಿರುಗಿದಾಗ ಬಾಗಿಲಲ್ಲಿ ಯಾರೂ ಇರಲಿಲ್ಲ.

ಡೆನ್ನಿಸ್ ಶಾಲೆಗೆ ಹೋಗಲಿಲ್ಲ. ಊರ ಹೊರಗಿನ ಧಾನ್ಯದ ಗೋದಾಮಿನವರೆಗೆ ಕಾರು ಓಡಿಸಿ, ಎಂಜಿನ್ ಆರಿಸದೆ ಕೂತಿದ್ದು ನಾಲ್ಕೂವರೆಗೆ ಮನೆಗೆ ಬಂದ. ಕೆಳಗಿನ ಕೋಣೆಯಲ್ಲಿ ಒಗೆಯುವ ಯಂತ್ರ ತಿರುಗುತ್ತಿತ್ತು. ಕಾರ್ಲೀನ್ ರೀಸ್‌ನ ಬಟ್ಟೆ ಒಗೆಯುತ್ತಿದ್ದಳು. ರೀಸ್ ಹಜಾರದಲ್ಲಿ ಬೂಟು ಕಟ್ಟುತ್ತಿದ್ದ. ಆಟದ ದೊಡ್ಡ ಚೀಲ ಹೆಗಲಲ್ಲಿತ್ತು, ಕಂಕುಳಲ್ಲಿ ನಾಲ್ಕು ಹಾಕಿ ಕೋಲು.

"ಪೆಟ್ರೋಲ್ ಹಾಕಿಸ್ಕೊಂಡು ಬರ್ತೀನಿ ಸರ್."

ಪೆಟ್ರೋಲಿಗೆ ಯಾರೂ ಕೋಲು ಕೊಂಡೊಯ್ಯುವುದಿಲ್ಲ.

"ಆಯ್ತು," ಎಂದ ಡೆನ್ನಿಸ್. ಬಾಗಿಲು ಹಿಡಿದು ದಾರಿ ಬಿಟ್ಟ.

ಅಂಗಳದಲ್ಲಿ ರೀಸ್‌ನ ಹಳೆಯ ಪಿಕಪ್ ನಿಂತಿತ್ತು. ಎಂಜಿನ್ ಹೆಪ್ಪುಗಟ್ಟದಿರಲೆಂದು ಮನೆಯ ಗೋಡೆಯಿಂದ ಅದರ ಮೂತಿಗೆ ಕಿತ್ತಳೆ ಬಣ್ಣದ ಕರೆಂಟಿನ ವೈರು ಚುಚ್ಚಿದ್ದರು. ರೀಸ್ ಚೀಲ ಎಸೆದು ಹತ್ತಿದ. ವೈರು ಬಿಚ್ಚಲಿಲ್ಲ. ಡೆನ್ನಿಸ್‌ಗೆ ಕಾಣುತ್ತಿತ್ತು. ಕೂಗಲು ಬಾಯಿ ತೆರೆದ. ಹಲ್ಲಿಗೆ ಚಳಿ ತಾಗಿತು, ಬಾಯಿ ಮುಚ್ಚಿಕೊಂಡ.

ಪಿಕಪ್ ಹಿಂದಕ್ಕೆ ಸರಿಯಿತು. ವೈರು ಹಿಮದಿಂದ ಮೇಲೆದ್ದು ಬಿಗಿಯಾಯಿತು, ಒಂದು ಕ್ಷಣ ಮನೆಯನ್ನೇ ಎಳೆದೊಯ್ಯುವಂತೆ ಕಂಡಿತು. ಆಮೇಲೆ ಪಟ್ಟೆಂದು ಕಿತ್ತು ಅಂಗಳದ ಉದ್ದಕ್ಕೂ ಹಾರಿ ಬಿತ್ತು. ಕೆಂಪು ದೀಪಗಳು ತಿರುವಿನಲ್ಲಿ ಮರೆಯಾದವು.

"ರೀಸ್ ಇದ್ದಾನೇನ್ರೀ?" ಕಾರ್ಲೀನ್ ಕೆಳಗಿನಿಂದ ಕೂಗಿದಳು. "ಅವನ ಸಾಕ್ಸ್ ಒಂದೇ ಸಿಗ್ತಿದೆ, ಕೇಳಿ."

ಡೆನ್ನಿಸ್ ಮನೆಯೊಳಗಿನ ಚಪ್ಪಲಿಯಲ್ಲೇ ಹಿಮಕ್ಕಿಳಿದು ವೈರಿನ ತುದಿ ಎತ್ತಿದ. ತುದಿಯ ಪುಟ್ಟ ದೀಪ ಇನ್ನೂ ಉರಿಯುತ್ತಿತ್ತು. ಗೋಡೆಯಿಂದ ಕರೆಂಟು ಬರುತ್ತಲೇ ಇತ್ತು. ಯಾವುದಕ್ಕೂ ಚುಚ್ಚದ ಆ ತುದಿಯನ್ನು ಹಿಡಿದು, ರಸ್ತೆಗೆ ಮುಖಮಾಡಿ, ಅವನು ನಿಂತೇ ಇದ್ದ.