ಟ್ಯಾಬ್ ಬಿಟ್ಟ ಖಾಲಿ ಜಾಗ

ಬೀದರಿನ ಹಳೆ ಊರಿನ ಬಾಡಿಗೆ ಕೋಣೆಯೊಂದರಲ್ಲಿ ಕುಳಿತು ಇಬ್ಬರು ಹೆಂಗಸರು ಬೀದರ, ಭಾಲ್ಕಿ, ಔರಾದ ತಾಲೂಕುಗಳ ಕುರಿಗಾಹಿಗಳಿಗೆ ಸಿಡಿಲಿನ ಎಚ್ಚರಿಕೆ ಕಳಿಸುತ್ತಿದ್ದರು. ಹತ್ತಿರದ ಮೋಡದಲ್ಲಿ ಮಿಂಚು ಪತ್ತೆಯಾದ ಕೂಡಲೇ ಕಂಪ್ಯೂಟರು ತಾನಾಗಿಯೇ ಕುರಿಗಾಹಿಗಳ ಮೊಬೈಲಿಗೆ ಕರೆ ಮಾಡುತ್ತಿತ್ತು. ಕರೆಯಲ್ಲಿ ಕೇಳುವುದು ಇಬ್ಬರಲ್ಲಿ ಕಿರಿಯಳಾದ ಸಿದ್ದೇಶ್ವರಿಯ ರೆಕಾರ್ಡ್ ಮಾಡಿದ ಧ್ವನಿ. ಅವಳ ಅಪ್ಪ ವೈಜಿನಾಥ ಭಾಲ್ಕಿ ತಾಲೂಕಿನ ಮೆಹಕರದಲ್ಲಿ ಕುರಿ ಕಾಯುತ್ತಿದ್ದ.

“ನಮ್ಮಪ್ಪ ರೆಕಾರ್ಡಿಂಗಿಗೂ ‘ಹೂಂ ಯವ್ವಾ, ಬಂದೆ’ ಅಂತಾರ್ರಿ ಆಪಾ,” ಎಂದು ಅವಳು ನಗುತ್ತಿದ್ದಳು. “ಈಗ ಮ್ಯಾಲ ನೋಡೂದೇ ಬಿಟ್ಟಾರ. ಫೋನ್ ಬರಲಿಲ್ಲಂದ್ರ ಸಿಡಿಲಿಲ್ಲ ಅಂತ.”

“ತೋಬಾ! ಅಷ್ಟು ನಂಬಬ್ಯಾಡ್ರಿ ಅಂತ ಹೇಳವ್ವಾ,” ಎಂದಿದ್ದಳು ನಸ್ರೀನ. ಈ ಕರೆಗಳನ್ನು ಮಾಡಿಸುವ ಪ್ರೋಗ್ರಾಂ ಬರೆದವಳು ಅವಳೇ.

ಅಂದು ಮಧ್ಯಾಹ್ನ ಔರಾದ ಕಡೆಯ ಠಾಣಾ ಕುಶನೂರದಲ್ಲಿ ಮಿಂಚು ಪತ್ತೆ ಮಾಡುವ ಸೆನ್ಸರ್ ಕೆಟ್ಟು, ಬಿಸಿಲಿದ್ದರೂ ಸಿಡಿಲು ಎನ್ನತೊಡಗಿತು. ಔರಾದದವರು ಕೋಣೆಗೇ ಫೋನ್ ಮಾಡಿ ಬೈದು ಬೈದು ಇಟ್ಟರು.

“ಔರಾದ ಒಂದೇ ಬಂದ್ ಮಾಡು,” ಎಂದಳು ನಸ್ರೀನ.

ಸಿದ್ದೇಶ್ವರಿ ಕರೆ ನಿಲ್ಲಿಸುವ ಆದೇಶದ ಮುಂದೆ ಎರಡಕ್ಷರ ಬರೆದು ಟ್ಯಾಬ್ ಕೀಲಿ ಒತ್ತಿದಳು. ‘ತಾಲೂಕು’ ಎಂಬ ಆಯ್ಕೆ ತಾನೇ ಪೂರ್ತಿಯಾಯಿತು. ಬೆರಳಿಗೆ ಕೆಲಸ ಕಡಿಮೆಯಾಗಲೆಂದು ನಸ್ರೀನ ಹೊಸದಾಗಿ ಸೇರಿಸಿದ ಸವಲತ್ತು ಅದು. ಪದ ತುಂಬಿದ ಮೇಲೆ ಮುಂದೊಂದು ಖಾಲಿ ಜಾಗವನ್ನೂ ಬಿಡುತ್ತಿತ್ತು. ಅಲ್ಲಿ ಔರಾದ ಎಂದು ಬರೆದು ಎಂಟರ್ ಒತ್ತಿದಳು. ‘ಕರೆ ನಿಂತಿದೆ’ ಎಂದಿತು ಪರದೆ.

ಬಯ್ಗುಳದ ಕರೆಗಳು ನಿಂತವು. ಇಬ್ಬರೂ ಚಹಾ ಕುಡಿದರು.

ಚಹಾ ಮುಗಿಯುವ ಹೊತ್ತಿಗೆ ನಕಾಶೆಯಲ್ಲಿ ಭಾಲ್ಕಿಯ ಮೇಲೆ ಮಿಂಚಿನ ಕೆಂಪು ಚುಕ್ಕಿಗಳು ಮೂಡಿದ್ದವು. ಸಿದ್ದೇಶ್ವರಿ ತನ್ನ ಮೊಬೈಲನ್ನೂ ಮೆಹಕರದ ಸಂಖ್ಯೆಗಳ ಜೊತೆ ಸೇರಿಸಿಟ್ಟಿದ್ದಳು. ಅದು ಮೇಜಿನ ಮೇಲೆ ಸುಮ್ಮನೆ ಬಿದ್ದಿತ್ತು.

“ಆಪಾ, ನಂದು ಯಾಕ ಹೊಡಕೊಳ್ಳವಲ್ದು?”

ನಸ್ರೀನ ಪರದೆಯ ಸಾಲು ನೋಡಿದಳು. ‘ತಾಲೂಕು’ ಆಯ್ಕೆಗೆ ಹೆಸರು ಕೊಡಲೇಬೇಕೆಂದಿಲ್ಲ. ಕೊಡದಿದ್ದರೆ ಎಲ್ಲ ತಾಲೂಕು ಎಂದರ್ಥ. ಕೊಡುವುದಾದರೆ ನಡುವೆ ಜಾಗ ಬಿಡದೆ, ಸಮ ಚಿಹ್ನೆ (=) ಹಾಕಿ ಅಂಟಿಸಿಯೇ ಬರೆಯಬೇಕು. ಟ್ಯಾಬ್ ಜಾಗ ಬಿಟ್ಟಿತ್ತು. ಹೆಸರು ಬೇರೆಯಾಗಿ ನಿಂತಿತ್ತು. ಪ್ರೋಗ್ರಾಂ ಅದನ್ನು ಲೆಕ್ಕಕ್ಕೇ ಹಿಡಿಯದೆ ಮೂರೂ ತಾಲೂಕಿನ ಬಾಯಿ ಮುಚ್ಚಿಸಿತ್ತು.

“ನಿಮ್ಮಪ್ಪಗ ಫೋನ್ ಹಚ್ಚು. ಲಗೂ!”

ವೈಜಿನಾಥ ಎತ್ತಿದ. ಗಾಳಿಯ ಸದ್ದು ಜೋರಾಗಿತ್ತು.

“ಅಪ್ಪಾ, ಎಲ್ಲಿದ್ದಿ?”

“ಹೊಲದಾಗ, ಬೇವಿನ ಗಿಡದ ಬುಡಕ. ಮಳಿ ಹನಿ ಹಾಕ್ಲತ್ತದ, ಕುರಿ ಎಲ್ಲಾ ಇಲ್ಲೇ ನಿಂದ್ರಿಸೀನಿ.”

“ಗಿಡ ಬಿಟ್ಟು ಹೊರಗ ಬಾ! ಸಿಡಿಲು ಬರ್ಲತ್ತದ!”

“ಹುಚ್ಚಿ, ಬರೂದಿದ್ರ ನಿನ್ನ ಫೋನ್ ಬರ್ತಿತ್ತಲ್ಲ…”

ಕರೆ ಕಡಿಯಿತು.

ನಸ್ರೀನ ತಡೆಯನ್ನು ತೆಗೆದಳು. ಕ್ಷಣದಲ್ಲೇ ಮೇಜಿನ ಮೇಲಿನ ಮೊಬೈಲು ಬಡಿದುಕೊಂಡಿತು. ಸಿದ್ದೇಶ್ವರಿ ಎತ್ತಿದಳು. ಅವಳದೇ ಧ್ವನಿ: “ಸಿಡಿಲು ಬರ್ತದ್ರಿ. ಗಿಡದ ಬುಡಕ ನಿಂದರಬ್ಯಾಡ್ರಿ.”

ಪರದೆಯಲ್ಲಿ ಮೆಹಕರದ ಸಂಖ್ಯೆಗಳ ಎದುರು ‘ಕೇಳಿದರು’, ‘ಕೇಳಿದರು’ ಎಂದು ಮೂಡತೊಡಗಿತು. ಒಂದರ ಎದುರು ‘ಸಂಪರ್ಕವಿಲ್ಲ’ ಎಂದು ಬಂತು. ಕಂಪ್ಯೂಟರು ಅದೇ ಸಂಖ್ಯೆಗೆ ಮತ್ತೆ ಕರೆ ಮಾಡಿತು. ಮತ್ತೆ ಅದೇ ಬಂತು.

“ಹೂಂ ಅನ್ನು, ಅಪ್ಪಾ,” ಎಂದಳು ಸಿದ್ದೇಶ್ವರಿ, ಪರದೆಗೆ.

ನಸ್ರೀನ ಟ್ಯಾಬಿನ ಫೈಲು ತೆರೆದು, ಆ ಖಾಲಿ ಜಾಗದ ಬದಲು ಸಮ ಚಿಹ್ನೆ ಇಟ್ಟಳು. ಅಷ್ಟೇ ಸಾಕಿತ್ತು. ಭಾಲ್ಕಿಯ ಮೇಲೆ ಚುಕ್ಕಿಗಳು ಇನ್ನೂ ಮೂಡುತ್ತಿದ್ದವು.