ಕಲ್ಲುಸಕ್ಕರೆಯಂಥ ನೀರು

"ಬಕೆಟ್ ಕೆಳಗಿಡು," ಎಂದು ಅಮ್ಮ ಮಗನ ಕೈ ಹಿಡಿದಳು. "ಪಂಪಿನ ನೀರು ಬೇಡ. ಕ್ಯಾನ್ ತೆಗಿ."

"ಕೊಂಡ ನೀರಲ್ಲಿ ಸ್ನಾನ ಮಾಡಿಸೋದಾ? ಮಕ್ಕಳಿಗೆ ಕುಡಿಯೋಕೆ ಅದೊಂದೇ ಇರೋದು ಕಣಮ್ಮ."

"ಬದುಕಿದ್ದಾಗ ಆ ವಿಷ ಕುಡಿದದ್ದು ಸಾಲದಾ? ಈಗಲಾದ್ರೂ ಒಳ್ಳೆ ನೀರು ಸೋಕಲಿ."

ಮಗ ಕ್ಯಾನಿನ ಮುಚ್ಚಳ ಕಿತ್ತ. ಜಗಲಿಯ ಮೇಲೆ ಹೆಣವಾಗಿ ಮಲಗಿದ್ದವನು ಅವಳ ಗಂಡ, ಊರಿಗೆಲ್ಲ ಸೊಪ್ಪಿನಜ್ಜ. ಅಂಗೈಗಳು ಕಪ್ಪಾಗಿ ಗಂಟುಗಟ್ಟಿದ್ದವು. ಅವಳು ಒಂದೊಂದೇ ಬೆರಳು ಬಿಡಿಸಿ ತೊಳೆದಳು.

"ಇವನ ಸೊಪ್ಪಿನ ಕಟ್ಟಿಗೆ ಸಂತೇಲಿ ಕಿತ್ತಾಡ್ತಿದ್ರು," ಎಂದ ಪಕ್ಕದ ಮನೆಯ ದರ್ಜಿ. "ಕೊನೆಗೆ ದನಕ್ಕೂ ಬೇಡ ಅಂದ್ರಲ್ಲ! ಹಾಳಾದ ಬಣ್ಣದ ಕಾರ್ಖಾನೆ. ಅದು ಮುಚ್ಕೊಂಡು ಹೋಯ್ತು, ವಿಷ ಮಾತ್ರ ನೆಲದಲ್ಲೇ ಉಳೀತು."

"ಮೆಲ್ಲಗೆ ಮಾಮ," ಎಂದ ಮಗ. "ಮನೆ ನೋಡೋಕೆ ಜನ ಬರ್ತಾರೆ."

"ಇವತ್ತಾ? ಥೂ ನಿನ್ನ!"

"ಉಗೀರಿ. ಕ್ಯಾನ್ ನೀರಿಗೇ ನನ್ನ ಕೂಲಿ ಕರಗ್ತಿದೆ. ಮಕ್ಕಳ ಮೈಯೆಲ್ಲ ಹುಣ್ಣು. ಮನೆ ಮಾರಾಟ ಆಗದೆ ನಾವೆಲ್ಲಿಗೆ ಹೋಗೋದು?"

ದರ್ಜಿ ಕ್ಯಾನ್ ಎತ್ತಿ ಉಳಿದ ನೀರನ್ನು ಅಜ್ಜನ ಕಾಲಿಗೆ ಸುರಿದ.

*

ಮನೆ ಮಾರಾಟಕ್ಕಿಟ್ಟ ಮೇಲೆ ಸೊಪ್ಪಿನಜ್ಜ ಹೊಸ ಕಸುಬು ಕಲಿತಿದ್ದ. ಬಂದವರು ನೀರಿನ ಸುದ್ದಿ ಎತ್ತುವ ಮೊದಲೇ ಪಂಪು ಒತ್ತಿ, ಲೋಟದ ತುಂಬ ಹಿಡಿದು, ಅವರೆದುರೇ ಗಟಗಟ ಕುಡಿಯುವುದು. ಮೀಸೆ ಒರೆಸಿಕೊಂಡು "ಕಲ್ಲುಸಕ್ಕರೆ ಕಣ್ರೀ!" ಎನ್ನುವುದು. ಅವರು ಹೋದ ಮೇಲೆ ಹಿತ್ತಿಲಲ್ಲಿ ಕೂತು ವಾಂತಿ ಮಾಡುವುದು.

"ತಲೆ ಕೆಟ್ಟಿದೆಯಾ ನಿಮಗೆ?" ಎಂದು ಅವಳು ಬೆನ್ನು ನೀವುತ್ತಲೇ ಬೈಯುತ್ತಿದ್ದಳು.

"ಮುದಿ ಹೊಟ್ಟೆ ಕಣೇ, ಏನು ಹಾಕಿದ್ರೂ ನಡೆಯುತ್ತೆ. ಮಕ್ಕಳು ಪಾರಾಗ್ಲಿ."

ಎಲ್ಲಿ ಪಾರಾದಾರು? ಬಂದವರ ಕಿವಿಗೆ ಬಸ್‌ಸ್ಟ್ಯಾಂಡಿನಲ್ಲೇ ಯಾರಾದರೂ ಊದಿಬಿಡುತ್ತಿದ್ದರು. ಅವನು ಮಾತ್ರ ಬಂದವರಿಗೆಲ್ಲ ಕುಡಿದು ತೋರಿಸುತ್ತಲೇ ಇದ್ದ.

*

ಕಾರು ಬಸ್‌ಸ್ಟ್ಯಾಂಡಿನಲ್ಲಿ ನಿಲ್ಲದೆ ನೇರ ಅಂಗಳಕ್ಕೇ ಬಂತು. ದಲ್ಲಾಳಿಯ ಹಿಂದೆ ಗಂಡ ಹೆಂಡತಿ ಇಳಿದರು. ಅವಳು ತುಂಬು ಗರ್ಭಿಣಿ. ಜಗಲಿ ನೋಡಿ ಇಬ್ಬರೂ ಗಲಿಬಿಲಿಗೊಂಡರು.

"ಅಯ್ಯೋ, ಇನ್ನೊಂದಿನ ಬರ್ತೀವಿ ಬಿಡಿ."

"ಬಂದದ್ದು ಬಂದಿದ್ದೀರಿ, ನೋಡ್ಕೊಂಡೇ ಹೋಗಿ," ಎಂದ ಮಗ. "ಅಪ್ಪನಿಗೂ ಅದೇ ಆಸೆಯಿತ್ತು."

"ಏನಾಗಿತ್ತು ಅವರಿಗೆ?"

"ವಯಸ್ಸಾಗಿತ್ತು."

ಗಂಡ ಪಂಪಿನ ಕಡೆ ನೋಡಿದ. "ನೀರು ಹೇಗೆ?"

ಮಗ ಒಳಗಿನಿಂದ ಅಪ್ಪನ ಲೋಟ ತಂದ. ಪಂಪು ಒತ್ತಿ ತುಂಬಿಸಿ, ಒಂದೇ ಉಸಿರಿಗೆ ಕುಡಿದ. ಮೀಸೆ ಒರೆಸಿಕೊಂಡು, "ಕಲ್ಲುಸಕ್ಕರೆ ಕಣ್ರೀ!" ಎಂದ. ಧ್ವನಿ ಥೇಟ್ ಅಪ್ಪನದೇ.

ಗರ್ಭಿಣಿಯ ಮುಖ ಅರಳಿತು. "ಬಿಸಿಲಿಗೆ ಗಂಟಲೊಣಗಿದೆ ಅಣ್ಣ. ನನಗೂ ಒಂದು ಲೋಟ ಕೊಡಿ."

ಕ್ಯಾನ್ ಖಾಲಿಯಾಗಿ ಅಂಗಳದಲ್ಲಿ ಉರುಳಿತ್ತು. ಮಗ ಅದನ್ನೊಮ್ಮೆ ನೋಡಿದ. ಆಮೇಲೆ ಲೋಟವನ್ನು ಪಂಪಿನ ಬಾಯಿಗಿಟ್ಟು ಹಿಡಿಯನ್ನು ಒತ್ತಲು ಹೋದ. ಅದು ಕೆಳಗಿಳಿಯಲಿಲ್ಲ. ಯಾವಾಗ ಎದ್ದು ಬಂದಳೋ, ಅಮ್ಮ ಒದ್ದೆ ಕೈಗಳೆರಡನ್ನೂ ಹಿಡಿಯ ಕೆಳಗೆ ಕೊಟ್ಟು, ಹಲ್ಲು ಕಚ್ಚಿ, ಅದನ್ನು ಮೇಲಕ್ಕೆತ್ತಿ ಹಿಡಿದಿದ್ದಳು.

"ಬಿಡಮ್ಮ," ಎಂದ ಮಗ ಪಿಸುದನಿಯಲ್ಲಿ. "ನಿನ್ನ ಕಾಲಿಗೆ ಬೀಳ್ತೀನಿ, ಬಿಡು."

ಮಗ ಕೆಳಗೊತ್ತುತ್ತಿದ್ದ, ಅಮ್ಮ ಮೇಲೆತ್ತುತ್ತಿದ್ದಳು. ಲೋಟಕ್ಕಾಗಿ ಚಾಚಿದ ಗರ್ಭಿಣಿಯ ಕೈ ಇನ್ನೂ ಹಾಗೇ ಇತ್ತು.