ತೊಳೆದು ತಂದ ಕಾಲು

“ಥೂ! ಇದೇನ್ ಕಾಲಾ, ಎಮ್ಮೆ ಗೊರಸಾ? ಈ ಬಿರುಕಲ್ಲಿ ಹಲ್ಲಿ ಮೊಟ್ಟೆ ಇಟ್ಟು ಮರಿ ಮಾಡ್ತದೆ ಕಣಯ್ಯ. ತೆಗಿ, ತೆಗಿ ಆಚೆಗೆ. ನೆಕ್ಸ್ಟ್!”

ಅಂಜಿನಯ್ಯ ಕಾಲು ತೆಗೆದ. ಚರ್ಚಿನ ಮೆಟ್ಟಿಲ ಮೇಲೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದ ಕಮಿಟಿ ಸೆಕ್ರೆಟರಿ ಚೌರಪ್ಪ ಮೂಗಿಗೆ ಕರ್ಚೀಫು ಹಿಡಿದು ಮುಂದಿನ ಕಾಲಿಗೆ ಕಣ್ಣು ಹಾಯಿಸಿದ. ಸಂತೆಯಲ್ಲಿ ಎತ್ತಿನ ಹಲ್ಲು ನೋಡಿ ಕೊಳ್ಳುವವರನ್ನು ಪಟಾಲಮ್ಮ ಕಂಡಿದ್ದಳು. ಮನುಷ್ಯರ ಕಾಲು ನೋಡಿ ಆರಿಸುವವನನ್ನು ಕಂಡದ್ದು ಇದೇ ಮೊದಲು.

“ಪಟಾಲಮ್ಮ, ನಿನಗೆ ಹೇಳಿದ್ದೇನು? ಹನ್ನೆರಡು ಜನ ಬಡವರನ್ನ ಕರ್ಕೊಂಡ್ ಬಾ ಅಂದ್ರೆ, ಇಷ್ಟೊಂದು ಬಡವರನ್ನ ಕರ್ಕೊಂಡ್ ಬರೋದಾ?”

“ಬಡವ್ರಲ್ಲಿ ಇನ್ನೆಂಥ ಬಡವ್ರು ಬೇಕಿತ್ತು ಸಾ?”

“ನೀಟಾಗಿರೋ ಬಡವರು ಕಣಮ್ಮ. ಕ್ಯಾಮೆರಾ ಇರ್ತದೆ.”

ರಾಜಧಾನಿಯ ಅಂಚಿನ ಉಲ್ಲಾಳದಾಚೆ ಎದ್ದ ಹೊಸ ಲೇಔಟಿನ ಚರ್ಚು ಅದು. ಪಟಾಲಮ್ಮ ಅಲ್ಲಿ ಕಸ ಗುಡಿಸುವವಳು. ಈಸ್ಟರಿಗೆ ಮುಂಚಿನ ಗುರುವಾರ ಸಂಜೆಯ ಪೂಜೆಯಲ್ಲಿ ಗುರುಗಳು ಹನ್ನೆರಡು ಜನರ ಕಾಲು ತೊಳೆದು, ಒರೆಸಿ, ಮುತ್ತಿಡುವುದು ಕ್ರೈಸ್ತರ ಪದ್ಧತಿ. ಯೇಸುಸ್ವಾಮಿ ಸಾಯುವುದಕ್ಕೆ ಮುಂಚೆ ತನ್ನ ಶಿಷ್ಯರ ಕಾಲನ್ನು ಮನೆಯಾಳಿನಂತೆ ಬಗ್ಗಿ ತೊಳೆದನಂತೆ. ಪ್ರತಿ ವರ್ಷ ಕಮಿಟಿಯವರೇ ಶಿಷ್ಯರಾಗುತ್ತಿದ್ದರು. ಪಾರ್ಲರಿಗೆ ಹೋಗಿ ಉಗುರು ತಿದ್ದಿಸಿಕೊಂಡು, ಕ್ರೀಮು ಹಚ್ಚಿ, ಕಾಲುಚೀಲದೊಳಗೆ ಬೆಚ್ಚಗೆ ಬಚ್ಚಿಟ್ಟು ತಂದ ಕಾಲುಗಳು. ಗುರುಗಳ ನೀರಿಗೂ ಅಲ್ಲಿ ತೊಳೆಯಲು ಏನೂ ಸಿಗುತ್ತಿರಲಿಲ್ಲ.

ಈ ವರ್ಷ ಹಾಗಾಗುವಂತಿರಲಿಲ್ಲ. ಚರ್ಚಿನ ಗುರುಗಳಿಗೆ ಬೆನ್ನುನೋವು, ಬಗ್ಗಬಾರದೆಂದು ಡಾಕ್ಟರು ಹೇಳಿಬಿಟ್ಟಿದ್ದರು. ಬಗ್ಗುವ ಕೆಲಸ ಫಾದರ್ ಇನ್ನಾಸಪ್ಪನವರ ಪಾಲಿಗೆ ಬಂತು. ಮೀಸೆ ಚಿಗುರುವ ವಯಸ್ಸಿನಲ್ಲಿ ಕಡಲಾಚೆಯ ದ್ವೀಪಗಳಿಗೆ ಹೋಗಿ, ಹಲ್ಲು ಉದುರಿದ ಮೇಲೆ ವಾಪಸಾಗಿ, ಚರ್ಚಿನ ಹಿಂದಿನ ಕೋಣೆಯಲ್ಲಿ ತಂಗಿದ್ದ ಮುದುಕರು ಅವರು. ಗೇಟಿನ ಮೇಲೆ ಅವರ ಬ್ಯಾನರು ಕಟ್ಟಿದ್ದರು: ‘ದ್ವೀಪಗಳ ಅಪೊಸ್ತಲ’, ಯೇಸುವಿನ ಸುದ್ದಿ ಹೊತ್ತು ಹೋದವರೆಂದು. ದ್ವೀಪದ ಮಿಷನ್ನಿಗೆ ದಾನ ಕೊಟ್ಟ ಜರ್ಮನಿಯವರು ಪೂಜೆಯನ್ನು ಲೈವಿನಲ್ಲಿ ನೋಡುವವರಿದ್ದರು. ದ್ವೀಪದ ಗುರು ರಿಯಲ್ ಎಸ್ಟೇಟಿನವರ ಕಾಲು ತೊಳೆದರೆ ಜರ್ಮನಿಯವರು ಏನಂದಾರು? ಬಡವರೇ ಬೇಕಾಯಿತು. ಚರ್ಚಿನ ಜನರಲ್ಲಿ ಬಡವರು ಇರಲಿಲ್ಲವೆಂದಲ್ಲ. ಇದ್ದವರು ಫೋಟೊದಲ್ಲಿ ಬಡವರೆಂದು ಕಾಣಿಸಿಕೊಳ್ಳಲು ಒಪ್ಪಲಿಲ್ಲ.

ಹಾಗಾಗಿ ಗೋಡೆಯಾಚೆಯ ಶೆಡ್ಡಿನವರ ನೆನಪಾಯಿತು. ಚರ್ಚಿನ ಹಿಂಬದಿಗೆ ರಾಜಕಾಲುವೆ ಬಳಸಿ ಹರಿಯುವಲ್ಲಿ ಒಂದು ತುಂಡು ನೆಲ. ತಗಡಿನ ಶೆಡ್ಡುಗಳು, ಕಟ್ಟಡದ ಕೆಲಸದವರು, ಮೋರಿ ಕೆಲಸದವರು. ಪಟಾಲಮ್ಮನ ಶೆಡ್ಡೂ ಅಲ್ಲೇ. ಮೂರು ಕಡೆ ಮೋರಿ ನೀರು, ಒಂದು ಕಡೆ ಚರ್ಚಿನ ಗೋಡೆ. ನಾಲ್ಕನೇ ಕಡೆಯೂ ನೀರಿದ್ದಿದ್ದರೆ ಅದನ್ನೂ ದ್ವೀಪವೆನ್ನಬಹುದಿತ್ತು, ಯಾವನಾದರೂ ಅಪೊಸ್ತಲ ದೋಣಿ ಹತ್ತಿ ಬರುತ್ತಿದ್ದನೋ ಏನೋ. ಗೋಡೆ ಇದ್ದದ್ದೇ ತೊಂದರೆಯಾಯಿತು.

ಆ ಗೋಡೆಯಲ್ಲೊಂದು ನಲ್ಲಿಯಿತ್ತು. ಶೆಡ್ಡಿನವರು ಕುಡಿಯುತ್ತಿದ್ದದ್ದು ಅದನ್ನೇ. ಬೇಸಿಗೆ ಬಂದು ಬೋರ್‌ವೆಲ್ ಕೆಮ್ಮತೊಡಗಿದಾಗ ಚೌರಪ್ಪ ನಲ್ಲಿಗೆ ಕಬ್ಬಿಣದ ಪಂಜರ ಮಾಡಿಸಿ ಬೀಗ ಜಡಿದ. ಒಳಗೆ ಗುಲಾಬಿ ತೋಟಕ್ಕೆ ಸ್ಪ್ರಿಂಕ್ಲರು ತಿರುಗುತ್ತಿತ್ತು. ಯೇಸುವಿನ ತಾಯಿಯ ಪ್ರತಿಮೆಯಿದ್ದ ಗವಿಯ ಮುಂದೆ ಹುಲ್ಲು ಒಣಗಬಾರದಲ್ಲ. ಶೆಡ್ಡಿನ ಹೆಂಗಸರು ಮೇನ್ ರೋಡಿನ ಟ್ಯಾಂಕರಿಗೆ ಕೊಡ ಹಿಡಿದು ಓಡುತ್ತಿದ್ದರು. ಮೋರಿ ನೀರಲ್ಲಿ ಪಾತ್ರೆ ತೊಳೆದು, ಮಕ್ಕಳಿಗೆ ವಾಂತಿಭೇದಿ ಶುರುವಾಗಿತ್ತು. ಹಾಲವ್ವನ ಕೂಸು ಅಳುವುದಕ್ಕೂ ತ್ರಾಣವಿಲ್ಲದೆ ಬಿದ್ದುಕೊಂಡಿತ್ತು.

“ಸಾ,” ಪಟಾಲಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹೇಳಿದಳು, “ಕಾಲು ಕೊಡ್ತೀವಿ. ನಲ್ಲಿ ಬುಟ್ಬುಡಿ.”

“ಏನು, ಡೀಲಾ? ದೇವರ ಕಾರ್ಯದಲ್ಲಿ ಡೀಲು ಮಾಡ್ತೀಯಾ ಮುಂಡೇದೆ?”

“ದ್ಯಾವ್ರು ಕಾಲ್ ಕೇಳ್ಲಿಲ್ಲ ಸಾ. ನೀವ್ ಕೇಳಿದ್ದು.”

ಚೌರಪ್ಪ ಕರ್ಚೀಫು ಮಡಿಸಿದ. ನಾಳೆಯೇ ಗುರುವಾರ. ಬೇರೆ ಕಾಲುಗಳಿಗೆ ಎಲ್ಲಿಗೆ ಹೋಗುವುದು?

“ಆಯ್ತು. ನಾಳೆ ಬಿಡಿಸ್ತೀನಿ. ಎಲ್ಲ ಸೋಪು ಹಾಕಿ, ಕಲ್ಲಲ್ಲಿ ಉಜ್ಜಿ, ಚೆನ್ನಾಗಿ ಕಾಲು ತೊಳ್ಕೊಂಡು ಬರಬೇಕು.”

ಹಾಲವ್ವ ಬಾಯಿ ಬಿಟ್ಟಳು. ರಾಯಚೂರಿನ ಕಡೆಯಿಂದ ಸಿಮೆಂಟು ಹೊರಲು ಬಂದವಳು. “ಯವ್ವಾ, ಕಾಲ್ ತೊಳಿಯಾಕ ಕರೀತಾರ, ತೊಳ್ಕೊಂಡ್ ಬರ್ರಿ ಅಂತಾರ. ಇದ್ಯಾವ ಶಾಸ್ತ್ರನವಾ?”

“ಊಟಕ್ಕೆ ಕರ್ದು ಉಂಡ್ಕೊಂಡ್ ಬನ್ನಿ ಅನ್ನಲ್ವಾ, ಅಂಗೆ,” ಎಂದ ಅಂಜಿನಯ್ಯ.

ಚೌರಪ್ಪ ಎಣಿಸಿ ನೋಡಿದ. ಒಬ್ಬ ಕಡಿಮೆ. ತಿರಸ್ಕರಿಸಿದ ಕಾಲಿನತ್ತ ಮತ್ತೆ ನೋಡಿ ಹೇಳಿದ: “ಲೋ, ನೀನೂ ಬಾರೋ. ಯೂದ ಆಗು. ಸ್ವಾಮೀನ ಹಿಡಿದುಕೊಟ್ಟ ದ್ರೋಹಿ ಅವನು. ಅವನಿಗೆ ಈ ಕಾಲು ನಡೀತದೆ.”

*

ಫಾದರ್ ಇನ್ನಾಸಪ್ಪನವರ ಕೋಣೆ ಗುಡಿಸುವಾಗ ಪಟಾಲಮ್ಮನಿಗೆ ದಿನವೂ ದ್ವೀಪದ ಕಥೆ ಪುಕ್ಕಟೆ. ಹಡಗು ಹತ್ತಿ ಕರುಳು ಬಾಯಿಗೆ ಬರುವಂತೆ ವಾಂತಿ ಮಾಡಿಕೊಂಡದ್ದು, ಮರ ಕೊರೆದ ದೋಣಿಯಲ್ಲಿ ದ್ವೀಪದಿಂದ ದ್ವೀಪಕ್ಕೆ ಹೋದದ್ದು, ನಾಲ್ಕೇ ಮನೆಯಿದ್ದ ದ್ವೀಪದಲ್ಲಿ ಕ್ರಿಸ್ಮಸ್ ಪೂಜೆ ಮಾಡಿದ್ದು, ಬಾಣಂತಿಯೊಬ್ಬಳನ್ನು ಅಲೆಗಳ ಮೇಲೆ ಆಸ್ಪತ್ರೆಗೆ ಸಾಗಿಸಿದ್ದು, ಅವಳ ಹೆಣದೊಂದಿಗೆ ಹಿಂತಿರುಗಿದ್ದು. ಅದನ್ನು ಹೇಳುವಾಗ ಮುದುಕರ ದನಿ ನಿಜವಾಗಿಯೂ ಒಡೆಯುತ್ತಿತ್ತು. ಬರಿಗಾಲಲ್ಲಿ ಹವಳದ ಬಂಡೆ ತುಳಿದು ತುಳಿದು ಅವರ ಹಿಮ್ಮಡಿ ಸೀಳಿಹೋಗಿತ್ತು. ಚೌರಪ್ಪನ ಪರೀಕ್ಷೆಯಲ್ಲಿ ಆ ಕಾಲೂ ಪಾಸಾಗುತ್ತಿರಲಿಲ್ಲ.

“ಮೊದಲ ವರ್ಷ ಯೇಸುವಿನ ಹೆಸರೇ ಎತ್ತಲಿಲ್ಲ ನಾನು,” ಎಂದರು ಆವತ್ತು. “ಅಲ್ಲಿ ಇದ್ದದ್ದೆಲ್ಲ ಉಪ್ಪುನೀರು. ಗುದ್ದಲಿ ತಗೊಂಡು ಬಾವಿ ತೋಡಿದೆ. ಬಾಯಾರಿದವನಿಗೆ ಮೊದಲು ನೀರು ಕೊಡಬೇಕು ಮಗಳೇ, ಆಮೇಲೆ ದೇವರು.”

ಪಟಾಲಮ್ಮ ಪೊರಕೆ ನಿಲ್ಲಿಸಿದಳು. “ಸ್ವಾಮಿ, ನಮ್ ನಲ್ಲಿಗೆ ಬೀಗ ಹಾಕವ್ರೆ. ನೀವೊಂದ್ ಮಾತು ಏಳ್ಬೌದಲ್ಲ.”

“ಯಾವ ನಲ್ಲಿ?”

“ಇದೇ, ನಿಮ್ ಕಿಟಕಿಯಿಂದ ಕಾಣ್ತದಲ್ಲ.”

ಮುದುಕರು ಕಿಟಕಿಯತ್ತ ತಿರುಗಲಿಲ್ಲ. ಜಪಸರ ಬೆರಳಿಗೆ ಸುತ್ತಿಕೊಂಡರು. “ಅದು ಕಮಿಟಿ ವಿಚಾರ ಕಣಮ್ಮ. ನಾನಿಲ್ಲಿ ಅತಿಥಿ. ಈ ಕೋಣೆ ಕೊಟ್ಟಿರೋದೂ ಅವರೇ. ಪ್ರಾರ್ಥನೆ ಮಾಡ್ತೀನಿ.”

“ಪ್ರಾರ್ಥನೆ ಕೊಡಕ್ಕೆ ತುಂಬ್ಕಳಕ್ಕಾಗಲ್ಲ ಸ್ವಾಮಿ.”

ಅವರು ನಕ್ಕರು. ಒಳ್ಳೆಯ ಮನುಷ್ಯ. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಅನ್ನುತ್ತಾರೆ. ದೂರದ ಬಡವ ಇನ್ನೂ ನುಣ್ಣಗೆ. ಕಿಟಕಿಯ ಕೆಳಗಿನ ಬಡವನಾದರೆ ವಾಸನೆ ಹೊಡೆಯುತ್ತಾನೆ, ಮೇಲಾಗಿ ಅವನು ಕಮಿಟಿ ವಿಚಾರ.

*

ಗುರುವಾರ ಮಧ್ಯಾಹ್ನ ಪಂಜರದ ಬೀಗ ತೆಗೆದರು. ನಲ್ಲಿ ಗೊರ ಗೊರ ಎಂದು ನೀರು ಕಾರಿದಾಗ ಶೆಡ್ಡಿನ ಮಕ್ಕಳೆಲ್ಲ ಕೇಕೆ ಹಾಕಿ ಓಡಿಬಂದವು. ಅವುಗಳ ಹಿಂದೆ ಕೊಡಗಳು, ಬಕೆಟುಗಳು, ಪೇಂಟಿನ ಡಬ್ಬಗಳು.

“ಏಯ್! ಕೊಡ ಎಲ್ಲ ಆಚೆಗಿಡ್ರಿ!” ಚೌರಪ್ಪ ಬಿಳಿ ಷರಟು ಹಾಕಿ ನಿಂತಿದ್ದ. “ಬಿಟ್ಟಿರೋದು ಕಾಲಿಗೆ. ಕಾಲು ತೊಳ್ಕೊಂಡು ನಡೀರಿ.”

“ನಲ್ಲಿ ಬುಡ್ತೀನಿ ಅಂದಿದ್ರಲ್ಲ ಸಾ?”

“ಬಿಟ್ಟಿಲ್ವಾ? ಹರೀತಾ ಇಲ್ವಾ? ಕಣ್ಣಿಲ್ವಾ ನಿನಗೆ?”

ಹನ್ನೆರಡು ಜನ ಸಾಲಾಗಿ ನಿಂತು ಒಬ್ಬೊಬ್ಬರೇ ಕಾಲು ಉಜ್ಜತೊಡಗಿದರು. ಸೋಪಿನ ನೊರೆ, ಕುಡಿಯುವ ನೀರು, ಎಲ್ಲ ಒಂದಾಗಿ ಮೋರಿಗೆ ಇಳಿದವು. ಮಕ್ಕಳು ನೀರು ಹೋಗುವ ದಾರಿಯನ್ನೇ ನೋಡುತ್ತ ನಿಂತಿದ್ದವು. ಹಾಲವ್ವ ತನ್ನ ಸರದಿ ಬಂದಾಗ ಕಾಲು ಚಾಚಲಿಲ್ಲ. ಸೀರೆಯ ಮರೆಯಿಂದ ಕೊಡ ತೆಗೆದು ನಲ್ಲಿಗೆ ಹಿಡಿದಳು. ಅರ್ಧ ತುಂಬಿತ್ತು. ಚೌರಪ್ಪ ಬೂಟುಗಾಲಲ್ಲಿ ಒದ್ದ. ಕೊಡ ಉರುಳಿ ನೀರೆಲ್ಲ ಮಣ್ಣಿಗೆ ಹೋಯಿತು.

“ಕೂಸು ಸಾಯಾಕ ಹತ್ಯದೋ ನಿನ್ನ ಮನಿ ಹಾಳಾಗ! ಒಂದ್ ಗುಟುಕೋ ಯಪ್ಪಾ!”

“ಪೂಜೆ ಮುಗೀಲಿ, ಕಮಿಟೀಲಿ ಮಾತಾಡೋಣ. ಟೈಮಾಯ್ತು, ಬೀಗ ಹಾಕೋ ತಮ್ಮಣ್ಣ.”

ವಾಚ್‌ಮನ್ ತಮ್ಮಣ್ಣ ಬೀಗ ಹಾಕಿದ. ತಲೆಯೆತ್ತಲಿಲ್ಲ. ಪಟಾಲಮ್ಮ ಉರುಳಿದ ಕೊಡ ಎತ್ತಿ, ಶೆಡ್ಡಿನೊಳಗೆ ಹೋದಳು. ಹನ್ನೊಂದು ಜನ ಅವಳ ಹಿಂದೆ ಹೋದರು. ಹೊರಬಂದಾಗ ಹೆಂಗಸರ ಸೆರಗು ಸ್ವಲ್ಪ ಉಬ್ಬಿತ್ತು, ಗಂಡಸರ ಅಂಗಿಯೂ.

*

ಬಲಿಪೀಠದ ಮುಂದೆ ಕುರ್ಚಿಗಳ ಸಾಲು. ಪ್ರತಿಯೊಬ್ಬರ ಎದೆಗೂ ಯೇಸುವಿನ ಒಬ್ಬೊಬ್ಬ ಶಿಷ್ಯನ ಹೆಸರಿನ ಚೀಟಿ. ಪಟಾಲಮ್ಮ ಪೇತ್ರನಾದಳು, ಹಾಲವ್ವ ಯೋಹಾನನಾದಳು. ಕಡೆಯ ಕುರ್ಚಿಯಲ್ಲಿ ದ್ರೋಹಿ ಅಂಜಿನಯ್ಯ ತೊಳೆದ ಕಾಲನ್ನು ಮುಂದೆ ಚಾಚಿ ಗತ್ತಿನಿಂದ ಕೂತಿದ್ದ. ಹಿಂದೆ ಬೆಂಚುಗಳ ತುಂಬ ರೇಷ್ಮೆ, ಸೆಂಟು. ಹಾಡಿನ ತಂಡ ದನಿಯೆತ್ತಿತು. ಕ್ಯಾಮೆರಾ ಹತ್ತಿರ ಬಂತು.

ಫಾದರ್ ಇನ್ನಾಸಪ್ಪ ಸೊಂಟಕ್ಕೆ ಟವೆಲು ಕಟ್ಟಿಕೊಂಡು, ಮಂಡಿಯೂರಿ, ಪಟಾಲಮ್ಮನ ಮುಂದೆ ಹಿತ್ತಾಳೆಯ ಬೋಗುಣಿ ಇಟ್ಟರು. ಹೂಜಿ ಎತ್ತಿದರು.

ಪಟಾಲಮ್ಮ ಕಾಲು ಹಿಂದಕ್ಕೆ ಎಳೆದುಕೊಂಡಳು. ಸೆರಗಿನೊಳಗಿಂದ ಖಾಲಿ ಬಾಟಲಿ ತೆಗೆದು ಹೂಜಿಯ ಬಾಯಿಗೆ ಹಿಡಿದಳು.

“ಕಾಲು ತೊಳ್ದಿದೀವಿ ಸ್ವಾಮಿ. ಇದುಕ್ಕೆ ಉಯ್ಯಿ.”

ಫಾದರ್ ಅವಳ ಮುಖ ನೋಡಿದರು. ಹೂಜಿ ಬಗ್ಗಿಯೇ ಇತ್ತು, ನೀರು ತಾನಾಗಿ ಬಾಟಲಿಗೆ ಇಳಿಯಿತು. ಅದು ತುಂಬಿದಾಗ ಹಾಲವ್ವ ತನ್ನದನ್ನು ಹಿಡಿದಳು. ಆಮೇಲೆ ಪಕ್ಕದವನು. ಅವನ ಬಾಟಲಿ ಅರ್ಧವಾಗುವಾಗ ಹೂಜಿ ಬರಿದಾಯಿತು. ಸಾಲಿನ ಉದ್ದಕ್ಕೂ ಬಾಟಲಿಗಳು ಎದ್ದವು. ಹಾಡಿನ ತಂಡ ಅದೇ ಸಾಲನ್ನು ಮತ್ತೆ ಹಾಡಿತು, ಇನ್ನೊಮ್ಮೆ ಹಾಡಿತು, ಆಮೇಲೆ ದನಿ ಕುಗ್ಗಿ ನಿಂತಿತು.

ಚೌರಪ್ಪ ಬಗ್ಗಿಕೊಂಡು ಓಡಿಬಂದ. ಮುಖದ ಮೇಲೆ ಕ್ಯಾಮೆರಾಗೆಂದು ನಗು, ಹಲ್ಲಿನ ಸಂದಿಯಿಂದ ಮಾತು: “ಏಳ್ರೋ ಬೋಳಿಮಕ್ಳಾ. ಜರ್ಮನಿ ನೋಡ್ತಾ ಇದೆ. ಪೂಜೆ ನಿಂತೋಗಿದೆ.”

“ನಿಲ್ಲಲಿ ಬುಡು,” ಎಂದಳು ಪಟಾಲಮ್ಮ. “ನಲ್ಲಿ ನಿಂತಾಗ ಯಾರ್ ನೋಡಿದ್ರು? ಬೀಗ ತಗ್ಸು. ಏಳ್ತೀವಿ.”

ಆ ಮಾತು ಫಾದರ್ ಕೊರಳಿನ ಮೈಕಿಗೆ ಸಿಕ್ಕಿ ಚರ್ಚಿನ ಗೋಡೆಗಳಿಗೆಲ್ಲ ಬಡಿಯಿತು. ಬೆಂಚುಗಳಲ್ಲಿ ಬೀಸಣಿಗೆಗಳು ನಿಂತವು. ಮುದುಕರು ಚೌರಪ್ಪನನ್ನು ನೋಡಿದರು, ಹಾಲವ್ವನ ಬಾಟಲಿ ನೋಡಿದರು. ಬರಿದಾದ ಹೂಜಿಯನ್ನು ಬೋಗುಣಿಯಲ್ಲಿಟ್ಟರು; ಆ ಸದ್ದು ಮೈಕಿನಲ್ಲಿ ಕೇಳಿಸಿತು.

ಹಾಲವ್ವ ಎದ್ದು, ತುಂಬಿದ ಬಾಟಲಿಯನ್ನು ಎದೆಗವಚಿಕೊಂಡು ಕೂಸಿನ ಕಡೆಗೆ ಓಡಿದಳು. ಮಿಕ್ಕವರು ಏಳಲಿಲ್ಲ. ಕುರ್ಚಿಗಳು ಬಲಿಪೀಠಕ್ಕೆ ಅಡ್ಡವಾಗಿದ್ದವು. ಅವರನ್ನು ದಾಟದೆ ಪೂಜೆ ಮುಂದಕ್ಕೆ ಹೋಗುವಂತಿರಲಿಲ್ಲ.

ಪಟಾಲಮ್ಮ ಹಿಂದಕ್ಕೆ ಒರಗಿ, ಕಾಲ ಮೇಲೆ ಕಾಲು ಹಾಕಿಕೊಂಡಳು.